ಕಮಲವ್ವ ಮುಚ್ಚಿದ ಗಾಳಿ

ಬಾಣಂತನ ಮಾಡುವುದರಲ್ಲಿ ಕಮಲವ್ವನನ್ನು ಮೀರಿಸುವವರು ಧಾರವಾಡದಲ್ಲಿ ಯಾರೂ ಇರಲಿಲ್ಲ. ಹಾಗೆಂದು ಕಮಲವ್ವನೇ ಹೇಳುತ್ತಿದ್ದಳು, ಅಲ್ಲಗಳೆಯುವ ಧೈರ್ಯ ಯಾರಿಗೂ ಇರಲಿಲ್ಲ. ಮಕ್ಕಳು, ನಾದಿನಿಯರು, ಓಣಿಯ ಹೆಣ್ಣುಮಕ್ಕಳು ಎಲ್ಲ ಸೇರಿ ಮೂವತ್ತಕ್ಕೂ ಹೆಚ್ಚು ಮಂದಿ ಅವಳ ಕೈಯಲ್ಲಿ ಎರೆಸಿಕೊಂಡು, ಅಂಟಿನ ಉಂಡಿ ತಿಂದು ಗಟ್ಟಿಯಾಗಿ ಎದ್ದು ಹೋಗಿದ್ದರು. ೧೯೭೪ರ ಜನವರಿಯಲ್ಲಿ, ಅರವತ್ತರ ವಯಸ್ಸಿನಲ್ಲಿ, ಕೊನೆಯ ಮಗಳು ನಿರುಪಮಾಳ ಚೊಚ್ಚಲ ಬಾಣಂತನಕ್ಕೆಂದು ಅವಳು ನ್ಯೂಜೆರ್ಸಿಗೆ ಬಂದಳು. ಟ್ರಂಕಿನಲ್ಲಿ ಸೀರೆಗಿಂತ ಬಾಣಂತಿಯ ಉಂಡಿಗೆ ಬೇಕಾದ ಅಳವಿ ಬೀಜ, ಅಂಟು, ಹೊಗೆ ಹಾಕುವ ಲೋಬಾನ, ಹೊದಿಯುವ ಕೌದಿಗಳೇ ಹೆಚ್ಚಾಗಿದ್ದವು.

ಅವಳ ಶಾಸ್ತ್ರದಲ್ಲಿ ಬಾಣಂತಿಗೆ ವೈರಿ ಒಂದೇ, ಗಾಳಿ. ಅದಕ್ಕೆ ಕಾರಣವಿತ್ತು. ಹದಿನೇಳನೆಯ ವಯಸ್ಸಿನಲ್ಲಿ ಹೆತ್ತ ಚೊಚ್ಚಲ ಗಂಡುಮಗು ಹೆಸರಿಡುವ ಮೊದಲೇ ಹೋಗಿತ್ತು. ತಾಯಿ ಇರಲಿಲ್ಲವಾದ್ದರಿಂದ ಬಾಣಂತನ ಗಂಡನ ಮನೆಯಲ್ಲೇ ನಡೆದಿತ್ತು. ಚಳಿಗಾಲವೆಂದು ಕಮಲವ್ವ ಹಟಹಿಡಿದು ಕೋಣೆಯ ಸಂದಿಗೆಲ್ಲ ಅರಿವೆ ತುರುಕಿಸಿ, ಹೊರಸಿನ ಕೆಳಗೆ ಕೆಂಡದ ಶೇಗಡಿ ಇಡಿಸಿಕೊಂಡಿದ್ದಳು. ಬೆಳಗಿನ ಜಾವ ಎಚ್ಚರವಾದಾಗ ತಲೆ ಸಿಡಿಯುತ್ತಿತ್ತು, ವಾಂತಿ ಬರುತ್ತಿತ್ತು, ಮುಖಕ್ಕೆ ತಣ್ಣನೆಯ ಗಾಳಿ ಹೊಡೆಯುತ್ತಿತ್ತು. ಅತ್ತೆ ಕಿಟಕಿ ಬಾಗಿಲು ತೆರೆದು, ಅವಳನ್ನು ರಟ್ಟೆ ಹಿಡಿದು ಅಂಗಳಕ್ಕೆ ಎಳೆಯುತ್ತಿದ್ದಳು. ಮಗು ತಣ್ಣಗಾಗಿತ್ತು. ಗಾಳಿ ಬಡಿದು ಸತ್ತಿತೆಂದು ಊರೇ ಹೇಳಿತು. "ಒಳಗ ಉಸುರು ಕಟ್ಟಿತ್ತವ್ವಾ," ಎಂದು ಅತ್ತೆ ಒಂದೇ ಸಲ ಅಂದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಕಮಲವ್ವ ಅತ್ತೆಯೊಂದಿಗೆ ಹೂಂ, ಉಹೂಂ ಬಿಟ್ಟು ಮೂರನೆಯ ಮಾತಾಡಲಿಲ್ಲ.

ಅಳಿಯ ದಿವಾಕರ ಮೈಸೂರಿನವನು. ಪ್ರಿನ್ಸ್‌ಟನ್ ಕಡೆಯ ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ, ಹಿಂದಿನ ಬೇಸಿಗೆಯಲ್ಲಷ್ಟೇ ಕೊಂಡ ಮನೆ. ಬೇಸ್‌ಮೆಂಟಿನಲ್ಲಿ ಗ್ಯಾಸಿನ ಫರ್ನೇಸ್ ಉರಿದರೆ ಕೋಣೆಕೋಣೆಯ ನೆಲದ ಜಾಲರಿಯಿಂದ ಬಿಸಿಗಾಳಿ ಏಳುತ್ತಿತ್ತು. "ಹೊಗಿ ಇಲ್ಲದ ಶೇಗಡಿ ನೋಡು," ಎಂದು ಕಮಲವ್ವ ಖುಷಿಪಟ್ಟು ಬಾಣಂತಿಯ ಮಂಚವನ್ನು ಜಾಲರಿಯ ಮೇಲಕ್ಕೇ ಸರಿಸಿದಳು. ಮಿಕ್ಕ ಕೋಣೆಗಳಿಗೆ ಈ ಶಾಖ ಯಾಕೆ ದಂಡವಾಗಬೇಕೆಂದು ಅಲ್ಲಿನ ಜಾಲರಿಗಳನ್ನೆಲ್ಲ ಮುಚ್ಚಿದಳು. ಆದರೆ ನಡುಮನೆಯ ಗೋಡೆಯ ಬುಡದಲ್ಲಿದ್ದ ದೊಡ್ಡ ಜಾಲರಿ ಬಿಸಿಗಾಳಿ ಬಿಡುತ್ತಿರಲಿಲ್ಲ, ಸುಯ್ಯೆಂದು ಗಾಳಿಯನ್ನು ಎಳೆಯುತ್ತಿತ್ತು. ಸೆರಗು ಹತ್ತಿರ ಒಯ್ದರೆ ಅಂಟಿಕೊಳ್ಳುತ್ತಿತ್ತು. ಬಾಣಂತಿ ಓಡಾಡುವ ದಾರಿಯಲ್ಲಿ ಇಂಥ ಗಾಳಿಯೇ? ಕಮಲವ್ವ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅದಕ್ಕೆ ಒತ್ತಿ, ಅಲುಗಾಡದಂತೆ ಟ್ರಂಕನ್ನು ತಳ್ಳಿ ನಿಲ್ಲಿಸಿದಳು. ಅತ್ತೆಯ ಟ್ರಂಕು ಅಲ್ಲೇಕೆ ಎಂದು ಕೇಳುವುದು ಅಳಿಯಂದಿರಿಗೆ ಒಪ್ಪುವ ಮಾತಲ್ಲ, ದಿವಾಕರ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಮಂಚದ ಕೆಳಗಿನಿಂದ ತಣ್ಣನೆಯ ಗಾಳಿ ಬೀಸತೊಡಗಿತು.

"ಥರ್ಮೋಸ್ಟಾಟ್ ಎಂಬತ್ತಕ್ಕೆ ಇಟ್ಟಿದೀನಿ ಅತ್ತೆ, ಬಿಸಿ ಬರತ್ತೆ ಇರಿ," ಎಂದ ದಿವಾಕರ. ಬರಲಿಲ್ಲ. ಕೆಳಗಿಳಿದು ಫಿಲ್ಟರ್ ಬದಲಿಸಿದ, ಮೇಲೆ ಬಂದು ಥರ್ಮೋಸ್ಟಾಟ್ ಬಿಚ್ಚಿ ಊದಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಫರ್ನೇಸ್ ಸ್ವಲ್ಪ ಹೊತ್ತು ಉರಿಯುತ್ತಿತ್ತು, ಮತ್ತೆ ಉರಿ ಆರಿ ಬರೀ ಫ್ಯಾನು ತಿರುಗುತ್ತಿತ್ತು. ಹೊರಗೆ ಮೊಣಕಾಲುದ್ದ ಹಿಮ. ಎಂಟು ದಿನದ ಹೆಣ್ಣುಕೂಸು ಸೀನಿತು. ಕಮಲವ್ವ ಅದರ ಅಂಗಾಲು ಮುಟ್ಟಿ ನೋಡಿದಳು, ತಣ್ಣಗಿತ್ತು. ಆ ತಣ್ಣನೆ ಅವಳ ಕೈಗೆ ಗುರುತಿದ್ದದ್ದು.

ರಿಪೇರಿಯವನು ಮಧ್ಯಾಹ್ನದೊಳಗೆ ಬರುತ್ತಾನೆಂದು ದಿವಾಕರ ಫೋನಿಟ್ಟು ಹೇಳಿದ. ರಿಪೇರಿಯವನನ್ನು ನಂಬಿ ಕೂರುವ ಹೆಂಗಸಲ್ಲ ಕಮಲವ್ವ. ಬೇಸಿಗೆಯಲ್ಲಿ ದಿವಾಕರ ಜೋಳದ ತೆನೆ ಸುಡುತ್ತಿದ್ದ ಕಬ್ಬಿಣದ ಪುಟ್ಟ ಒಲೆಯೊಂದು, ಅರ್ಧ ಚೀಲ ಇದ್ದಿಲು ಗರಾಜಿನಲ್ಲಿದ್ದವು. ಅಡುಗೆಮನೆಯಲ್ಲಿ ಇದ್ದಿಲು ಕೆಂಪಗೆ ಮಾಡಿ, ಒಲೆಗೆ ತುಂಬಿ, ಬಟ್ಟೆಯಲ್ಲಿ ಹಿಡಿದು ಬಾಣಂತಿಯ ಕೋಣೆಯತ್ತ ಹೊರಟಳು. ಕಿಟಕಿಯ ಸಂದಿಗೆ ಆಗಲೇ ಟವೆಲ್ ತುರುಕಿದ್ದಳು.

ಅಷ್ಟರಲ್ಲಿ ಬಂದು ಬೇಸ್‌ಮೆಂಟ್ ನೋಡಿ ಮೇಲೆ ಹತ್ತುತ್ತಿದ್ದ ರಿಪೇರಿಯವನು ಎದುರಾದ. ಬೆಂಕಿ ಕಂಡದ್ದೇ "ನೋ! ನೋ!" ಎಂದು ಕಿರುಚಿ, ಒಲೆಯನ್ನು ಅವಳ ಕೈಯಿಂದ ಕಿತ್ತುಕೊಂಡು, ಹಿಂಬಾಗಿಲು ತೆರೆದು ಹಿಮದೊಳಕ್ಕೆ ಎಸೆದ. ಚುಂಯ್ ಎಂದು ಆವಿ ಎದ್ದಿತು.

ಮೂವತ್ತು ಬಾಣಂತನ ಮಾಡಿದ ಕೈ ಬರಿದಾಗಿ ಅಲ್ಲೇ ಉಳಿಯಿತು. "ಬಾಣಂತಿ ಬೆಂಕಿ ಕಸಗೊಂಡ ಒಗದ್ನಲ್ರೀ! ಯಾಂವ ಇಂವಾ?" ಎಂದು ಅವಳು ಕೇಳಿದಳು. ರಿಪೇರಿಯವನು ಆಗಲೇ ಕೋಣೆಕೋಣೆಗೆ ಹೋಗಿ ಮುಚ್ಚಿದ ಜಾಲರಿಗಳನ್ನು ಕಾಲಿನಿಂದ ತೆರೆಯುತ್ತ ಬಂದು, ಟ್ರಂಕು ಸರಿಸಿ, ಕೌದಿಯನ್ನು ಎಳೆದು ಎತ್ತಿ ಹಿಡಿದಿದ್ದ. ಕಾಲು ಗಂಟೆಯಲ್ಲಿ ಮಂಚದ ಕೆಳಗೆ ಬಿಸಿಗಾಳಿ ಬಂತು.

ಅವನು ಹೋದ ಮೇಲೆ ದಿವಾಕರ ನೆಲ ನೋಡುತ್ತ ವಿವರಿಸಿದ. "ಈ ಜಾಲರಿಯಿಂದ ಗಾಳಿ ಒಳಗೆ ಹೋದ್ರೇನೇ ಅತ್ತೆ, ಅಲ್ಲಿ ಬಿಸಿಯಾಗಿ ವಾಪಸ್ ಬರೋದು. ಅದನ್ನ ಮುಚ್ಚಿದ್ರಿಂದ ಫರ್ನೇಸ್ ಕಾದು ಕಾದು, ತಾನಾಗೇ ಉರಿ ಆರಿಸ್ಕೊಂಡು ಬರೀ ತಣ್ಣನೇ ಗಾಳಿ ಬಿಡ್ತಿತ್ತು."

ತಾನೇ ಕೂಸಿನ ಮೈಗೆ ತಂಡಿ ತಂದೆನೆಂದು ಕಮಲವ್ವನಿಗೆ ನಾಚಿಕೆಯಾಯಿತು. "ಅದು ತಿಳೀತ್ರೀ. ನನ್ನ ಕೆಂಡ ಏನ ಮಾಡಿತ್ತು?"

"ಮುಚ್ಚಿದ ಕೋಣೇಲಿ ಇದ್ದಿಲು ಉರಿದ್ರೆ ಒಂದು ಥರ ವಿಷದ ಗಾಳಿ ಹುಟ್ಟತ್ತೆ. ವಾಸನೆ ಇರಲ್ಲ. ಮಲಗಿದವರು ಮಲಗಿದಂಗೇ ಹೋಗ್ತಾರೆ. ಚಿಕ್ಕ ಮಕ್ಕಳು ಮೊದಲು."

ಕಮಲವ್ವ ಅವನ ಹತ್ತಿರ ಬಂದು ಕೇಳಿದಳು: "ತಲಿ ನೋಯ್ತದೇನ್ರೀ? ವಾಂತಿ ಬರ್ತದೇನು?"

"ಹೌದು. ನಿಮಗೆ ಹೇಗೆ ಗೊತ್ತು?"

ಅವಳು ನೇರ ಮಗಳ ಕೋಣೆಗೆ ಹೋದಳು. ಅವಳು ಇದೇ ಕೆಂಡ ಇಟ್ಟಿದ್ದ ಓಣಿಯ ಬಾಣಂತಿಯರನ್ನೆಲ್ಲ ಮಾಡಿನ ಹಂಚಿನ ಸಂದಿಗಳು ಕಾಪಾಡಿದ್ದವು. ಗಾಳಿ ಬರುತ್ತದೆಂದು ಅವಳು ಬೈಯುತ್ತಿದ್ದ ಅವೇ ಸಂದಿಗಳು. ಕಿಟಕಿಗೆ ತುರುಕಿದ್ದ ಟವೆಲ್ ಕಿತ್ತು ತೆಗೆದಳು. ಕಿಟಕಿಯ ಬಾಗಿಲನ್ನು ಒಂದು ಬೆರಳಿನಷ್ಟು ಮೇಲೆತ್ತಿದಳು.

"ಅವ್ವಾ, ಗಾಳಿ ಬರ್ತದ," ಎಂದು ನಿರುಪಮಾ ಗಾಬರಿಯಿಂದ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. ಸಣ್ಣವಳಿದ್ದಾಗಿನಿಂದ ಅಣ್ಣ ಗಾಳಿ ಬಡಿದು ಸತ್ತ ಕಥೆ ಕೇಳಿ ಬೆಳೆದವಳು.

ಕಮಲವ್ವ ಮಂಚದ ತುದಿಗೆ ಕೂತಳು. ಕೂಸಿನ ಅಂಗಾಲು ಮುಟ್ಟಿದಳು, ಬೆಚ್ಚಗಿತ್ತು.

"ನಿಮ್ಮಜ್ಜಿ ಕಿಟಕಿ ತಗದು ನಿಮ್ಮಣ್ಣನ್ನ ಕೊಂದ್ಲು ಅಂತ ನಿನಗ ಹೇಳಿದ್ನಲ್ಲಾ ನಿರು, ಸುಳ್ಳದು. ಆಕಿ ನನ್ನ ಉಳಿಸಿದ್ಲು. ಕೂಸಿನ್ನ ಉಳಸೂದು ಆಗಲಿಲ್ಲ ಆಕಿಗೆ."

ನಿರುಪಮಾ ತಾಯಿಯ ಕೈ ಹಿಡಿದುಕೊಂಡಳು. ಕಮಲವ್ವ ಆ ಕೈಯನ್ನೇ ನೋಡುತ್ತ ಅಂದಳು: "ಸಾಯೂ ಮುಂದ ನನ್ನ ಕೈಯಾನ ನೀರು ಕೇಳಿದ್ಲು ನಿರು. ನಾ ಕೊಡಲಿಲ್ಲ."