ಶ್ರೀಯ ಆಚೀಚೆಯ ಗೆರೆ

ಉದಗೀರದ ಆಫೀಸಿನಲ್ಲಿ ಸ್ನೇಹಲ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ, ತಾಯಿ ಮಾಣಿಕಬಾಯಿ "ಕಂಪ್ಯೂಟರದಾಗ ಬಿಲ್ ಮಾಡ್ತಾಳ" ಎಂದು ಮುಗಿಸಿಬಿಡುತ್ತಾಳೆ. ಅಷ್ಟು ಸಲೀಸಾಗಿದ್ದರೆ ಹುಡುಗಿಯ ಕಣ್ಣ ಕೆಳಗೆ ಆ ಕಪ್ಪು ಯಾಕೆ ಬರುತ್ತಿತ್ತು?

ಅವರದು ರೈತರ ಕಾಳುಕಡಿ ಕಮಿಷನ್ನಿಗೆ ಮಾರಿಕೊಡುವ ಅಡತಿ ಅಂಗಡಿಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ. ಒಂದೊಂದು ಅಂಗಡಿಗೂ ಅದರದೇ ಹೆಸರು, ದೇವರ ಹೆಸರು ಹಾಕಿದ ಪ್ರತಿಯನ್ನು ಒಂದು ಸ್ಕ್ರಿಪ್ಟು, ಅಂದರೆ ಕಂಪ್ಯೂಟರಿಗೆ ಬರೆದಿಟ್ಟ ಆಜ್ಞೆಗಳ ಸಾಲು, ತಾನಾಗಿ ತಯಾರಿಸಬೇಕು. ನಮ್ಮ ಕಡೆಯ ಯಾವ ವ್ಯಾಪಾರಿ ಶ್ರೀ ಬರೆದು ಆಚೀಚೆ ಎರಡೆರಡು ನೆಟ್ಟನೆ ಗೆರೆ ಎಳೆಯದೆ ಕಾಗದ ಮುಟ್ಟುತ್ತಾನೆ? ಸ್ಕ್ರಿಪ್ಟಿಗೋ ಆ ಜೋಡಿಗೆರೆ ಒಂದು ಆಜ್ಞೆ: ಹಿಂದಿನದು ಕೆಟ್ಟರೆ ಮುಂದಿನದನ್ನು ಮಾಡು. ಅದು ಶ್ರೀ ಅನ್ನುವ ಕೆಲಸ ಎಲ್ಲಿದೆ ಎಂದು ಹುಡುಕಿ ಮುಗ್ಗರಿಸುತ್ತಿತ್ತು. ಗೆರೆಗೆ ಮೊದಲು ಒಂದು ಓರೆಗೀಟು ಇಟ್ಟರೆ 'ಇದ್ದ ಹಾಗೇ ಬಿಡು' ಎಂದರ್ಥ. ಆದರೆ ಹಳೆಯ ಸ್ಕ್ರಿಪ್ಟು ಹೆಸರನ್ನು ಇನ್ನೊಂದು ಸ್ಕ್ರಿಪ್ಟಿನ ಕೈಗೆ ಕೊಡುತ್ತಿತ್ತು, ಅದು ಮತ್ತೊಂದರ ಕೈಗೆ. ಕೈ ಬದಲಾದಾಗೆಲ್ಲ ಒಂದು ಓರೆಗೀಟು ಮಾಯ; ಯಾವ ಅಂಗಡಿಯ ಹೆಸರು ಎಷ್ಟು ಕೈ ದಾಟುತ್ತದೆಂಬ ಲೆಕ್ಕವೂ ಇಲ್ಲ. ಸ್ನೇಹಲ ಗೀಟು ಹೆಚ್ಚಿಸಿ ನಿಲಂಗಾದ ಒಂದು ಅಂಗಡಿಯದು ಸರಿಮಾಡಿದರೆ ಉಮರಗಾದ್ದು ಕೆಡುತ್ತಿತ್ತು. ವರ್ಷಗಳಿಂದ ಅದೇ ಹಾಡು. ಎಲ್ಲ ಕಿತ್ತು ಹೊಸದಾಗಿ ಬರೆಯೋಣವೆಂದರೆ ಮಾಲೀಕ ವೈಭವನಿಗೆ ಪುರುಸೊತ್ತಿಲ್ಲ.

ಈ ದೀಪಾವಳಿಗೆ ಅಪ್ಪ ಮನ್ಮಥಪ್ಪನೂ ನಿಲಂಗಾದ ತನ್ನ ಅಡತಿ ಅಂಗಡಿಗೆ ಅದೇ ಸಾಫ್ಟ್‌ವೇರ್ ತೆಗೆದುಕೊಂಡಿದ್ದ. ಮಗಳು ಮಾಡಿದ್ದೆಂದು ಪೇಟೆಯ ತುಂಬ ಹೇಳಿಕೊಂಡು ಬಂದಿದ್ದ. ಪಾಡ್ಯದ ದಿನ ಅಂಗಡಿಯ ಪೂಜೆಯಾದ ಮೇಲೆ ಹೊಸ ವರ್ಷದ ಮೊದಲ ಬಿಲ್ಲು ಅದರಿಂದಲೇ ಬರಬೇಕು. ಹಿಂದಿನ ದಿನ ಮಧ್ಯಾಹ್ನವಾದರೂ ಅಪ್ಪನ ಪ್ರತಿ ತಯಾರಾಗಲಿಲ್ಲ.

"ಗೆರಿ ಕಿತ್ತಿ ಒಗೀರಿ, ಸ್ನೇಹಲ," ಎಂದ ವೈಭವ. "ಬಿಲ್ಲಿನ ತಲಿ ಯಾರು ನೋಡ್ತಾರ?"

ಬೇರೆ ದಿನವಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದಳು. ಅವತ್ತು ಮೈಯಲ್ಲಿ ತ್ರಾಣವೇ ಇರಲಿಲ್ಲ. ಎಲ್ಲ ಅಂಗಡಿಗಳ ಗೆರೆಯನ್ನೂ ಅಳಿಸುವ ಒಂದು ಸಾಲನ್ನು ಸ್ಕ್ರಿಪ್ಟಿಗೆ ಸೇರಿಸಿ, ಹೊಸ ಪ್ರತಿಗಳನ್ನು ಎಲ್ಲರಿಗೂ ಕಳಿಸಿ, ಬಸ್ಸು ಹಿಡಿದು ನಿಲಂಗಾಕ್ಕೆ ಬಂದು ಮಲಗಿದಳು.

ಮರುದಿನ ಪೂಜೆಯಾಗಿ ಬಿಲ್ಲು ಹೊರಬಂತು. ಕಣ್ಣಿಗೊತ್ತಿಕೊಳ್ಳಲು ಎತ್ತಿದ ಮನ್ಮಥಪ್ಪ ಅರ್ಧಕ್ಕೇ ನಿಂತ.

"ಶ್ರೀದ ಬಾಜೂಕ ಗೆರಿ ಇಲ್ಲಲ್ಲವ್ವಾ?"

"ನಾನೇ ತಗದೀನಿ ಅಪ್ಪಾ. ಸಾಕಾಗಿತ್ತು ನನಗ."

ಅಂಗಡಿಯ ತುಂಬ ಜನ. ಆಕೆಗೆ ತಲೆ ಎತ್ತಲಾಗಲಿಲ್ಲ. ಅಪ್ಪ ಆಕೆಯ ಮುಖವನ್ನೊಮ್ಮೆ ನೋಡಿ, ಜೇಬಿನ ಪೆನ್ನು ತೆಗೆದು ಶ್ರೀಯ ಆಚೀಚೆ ಗೆರೆ ಎಳೆದ. ಮುಂದಿನ ಬಿಲ್ಲಿಗೂ ಎಳೆದ.

"ಇಷ್ಟು ನಾ ಮಾಡ್ಕೋತೀನಿ. ನೀ ಮನೀಗಿ ಹೋಗಿ ಮಲ್ಕೋ ಹೋಗವ್ವಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಮನೆಗೆ ಬಂದು ಮಲಗಿದರೂ ನಿದ್ದೆ ಹತ್ತಲಿಲ್ಲ. ಉಮರಗಾದಲ್ಲಿ, ಔರಾದದಲ್ಲಿ, ಇದೇ ಹೊತ್ತಿಗೆ ಗೆರೆಯಿಲ್ಲದ ಬಿಲ್ಲು ಕೈಯಲ್ಲಿ ಹಿಡಿದು ನಿಂತ ವ್ಯಾಪಾರಿಗಳಿಗೆ ಆಕೆ ಮಗಳಲ್ಲ.