ಬೆಕ್ಕಿಗೊಂದು ವೀಕ್ಷಕ ವಿವರಣೆ

ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ಶಾಲೆಯೊಂದರ ಹಾಲ್ ಬಾಡಿಗೆಗೆ ಹಿಡಿದು ನಮ್ಮ ಕನ್ನಡ ಸಂಘದವರು ಆಗಾಗ ಸಿನಿಮಾ ನೋಡುತ್ತೇವೆ. ಸಿನಿಮಾಕ್ಕೆ ಮೊದಲು ಮಕ್ಕಳಿಗೆ ಏನು ತೋರಿಸೋಣ ಎಂಬ ಮಾತು ಬಂದಾಗ, ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುವ ಹಳೆಯ ಕಾರ್ಟೂನೊಂದನ್ನು ಸೂಚಿಸಿದವಳು ನಾನೇ. ಹಿಂದೆ ಥಿಯೇಟರಿನಲ್ಲಿ ದೊಡ್ಡ ಚಿತ್ರಕ್ಕೆ ಮೊದಲು ಹಾಕುತ್ತಿದ್ದಂಥ ಪುಟ್ಟ ಚಿತ್ರ. ಅದರಲ್ಲಿ ಯಾರೂ ಮಾತಾಡುವುದಿಲ್ಲ. ಹಾಗಾಗಿ ಯಾರ ಕನ್ನಡ ಶುದ್ಧ ಎಂದು ಮೈಸೂರಿನವರೂ ಧಾರವಾಡದವರೂ ಕಿತ್ತಾಡಲು ಆಸ್ಪದವಿಲ್ಲ ಎಂದುಕೊಂಡಿದ್ದೆ.

ಅಧ್ಯಕ್ಷರಿಗೆ ಅದೇ ಕೊರತೆಯಾಗಿ ಕಂಡಿತು. ಕ್ಯಾನರಿ ವಾರ್ಫ್‌ನ ಬ್ಯಾಂಕಿನಲ್ಲಿ ವಾರವಿಡೀ ಸ್ಲೈಡ್ ವಿವರಿಸುವ ಮನುಷ್ಯ. ಪರದೆ ಕಂಡರೆ ಅದರ ಮುಂದೆ ನಿಲ್ಲದೆ ಇರಲಾರರು.

"ಮಾತೇ ಇಲ್ದಿದ್ರೆ ಮಕ್ಕಳಿಗೆ ಕನ್ನಡ ಹೇಗ್ರೀ ಬರುತ್ತೆ? ನಾನೇ ಕಾಮೆಂಟರಿ ಕೊಡ್ತೀನಿ."

"ಸರ್, ನೋಡಿದ್ರೇನೆ ಅರ್ಥ ಆಗುತ್ತಲ್ಲ?"

"ಬರೀ ಅರ್ಥ ಆದ್ರೆ ಸಾಕಾ? ಸಂಸ್ಕೃತಿ ಬೇಡ್ವಾ?"

ಸಂಸ್ಕೃತಿ ಎಂದ ಮೇಲೆ ಮಾತು ಮುಗಿದಂತೆ. ಸಿನಿಮಾದ ದಿನ ಬಂತು, ದೀಪ ಆರಿಸಿದರು. ಅಧ್ಯಕ್ಷರು ಮೈಕ್ ಹಿಡಿದು ಪರದೆಯ ಎದುರು ನಿಂತರು.

"ಮಕ್ಕಳೇ, ಇದೀಗ ಮಾರ್ಜಾಲವು ಮೂಷಿಕವನ್ನು ಬೆನ್ನಟ್ಟುತ್ತಿದೆ!"

ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಬೆಕ್ಕು ಮೆಟ್ಟಿಲಿನಿಂದ ಉರುಳಿ, ಇಸ್ತ್ರಿಪೆಟ್ಟಿಗೆಯ ಕೆಳಗೆ ಚಪ್ಪಟೆಯಾಗಿ, ಮತ್ತೆ ಮೈಕೊಡವಿ ಓಡುತ್ತಿತ್ತು. ಅಧ್ಯಕ್ಷರ ವಿವರಣೆ ಇನ್ನೂ ಮೆಟ್ಟಿಲಿನಲ್ಲೇ ಇತ್ತು. ಕುಂದಾಪುರದಿಂದ ಬಂದಿದ್ದ ನನ್ನ ಅತ್ತೆಗೆ ತಡೆಯಲಾಗಲಿಲ್ಲ.

"ಹೋಯ್, ಒಂಚೂರ್ ಬದಿಗ್ ನಿಲ್ಲಿ ಮಾರಾಯ್ರೆ! ನಂಗ್ ಬೆಕ್ಕ್ ಕಾಣ್ಕ್, ನಿಮ್ ಬೆನ್ನಲ್ಲ."

ಅವರು ಬದಿಗೆ ಸರಿಯುವ ಬದಲು ಒಂದು ಹೆಜ್ಜೆ ಹಿಂದೆ ಸರಿದರು. ಪ್ರೊಜೆಕ್ಟರಿನ ಬೆಳಕು ಅವರ ಮೇಲೇ ಬಿದ್ದು, ಇಲಿ ನೇರ ಅವರ ಬೋಳುತಲೆಯ ಮೇಲೆ ಓಡಿತು. ಬೆನ್ನಿಗೇ ಬೆಕ್ಕು. ಮಕ್ಕಳು ಕುರ್ಚಿಯಿಂದ ಬೀಳುವಂತೆ ನಕ್ಕರು. ಅಧ್ಯಕ್ಷರ ಮುಖ ಅರಳಿತು, ದನಿ ಏರಿತು, 'ಪಲಾಯನ' ಬಂತು, 'ಪರಾಕ್ರಮ' ಬಂತು. ಪ್ರತಿ ಪದಕ್ಕೂ ನಗು. ನನ್ನ ಮಗಳು ಕಣ್ಣೀರು ಒರೆಸಿಕೊಳ್ಳುತ್ತಾ, "ಅಮ್ಮಾ, ಡಸ್ ಹೀ ನೋ?" ಎಂದಳು.

ಅವರಿಗೆ ಗೊತ್ತಿರಲಿಲ್ಲ. ಮುಂದಿನ ಕಮಿಟಿ ಮೀಟಿಂಗಿನಲ್ಲಿ, "ಲಂಡನ್ ಮಕ್ಕಳು ಕನ್ನಡಕ್ಕೆ ಹೀಗೆ ಸ್ಪಂದಿಸಿದ್ದನ್ನು ನಾನು ನೋಡೇ ಇರಲಿಲ್ಲ" ಎಂದು ಗದ್ಗದಿತರಾದರು. ಕಮಿಟಿಯವರು ಚಪ್ಪಾಳೆ ತಟ್ಟಿದರು. ನಾನು ಮಾತ್ರ ಎದ್ದು, "ಸರ್, ಅವ್ರು ನಕ್ಕಿದ್ದು ನಿಮ್ಮ ತಲೆ ಮೇಲೆ ಇಲಿ ಓಡಿದ್ದಕ್ಕೆ" ಎಂದೆ.

ಅವರು ಸಭೆಯ ಕಡೆ ತಿರುಗಿ ಸಂತೋಷದಿಂದ ನಕ್ಕರು. "ನೋಡಿ, ಮೇಡಂಗೆ ಎಂಥ ಹಾಸ್ಯಪ್ರಜ್ಞೆ! ರಾಜ್ಯೋತ್ಸವಕ್ಕೆ ನಾಟಕ ಇವರೇ ಬರೀಲಿ."

ಹೀಗೆ ಸತ್ಯ ಹೇಳಿದ್ದಕ್ಕೆ ನನಗೆ ನಾಟಕ ಬರೆಯುವ ಶಿಕ್ಷೆಯಾಯಿತು. ಕಾಮೆಂಟರಿ ಕಾಯಂ ಆಯಿತು. ಈಗ ಮಕ್ಕಳು ಮುಂದಿನ ಸಾಲಿಗಾಗಿ ತಳ್ಳಾಡುತ್ತಾರೆ. ಅತ್ತೆ ಮಾತ್ರ ಹಾಲ್‌ಗೆ ಬರಲು ಒಪ್ಪುವುದಿಲ್ಲ. ಫ್ಲಾಟಿನಲ್ಲೇ ಕೂತು ನನ್ನ ಫೋನಿನಲ್ಲಿ ಅದೇ ಕಾರ್ಟೂನ್ ಹಾಕಿಸಿಕೊಂಡು, ಆ ಬೆಕ್ಕಿಗೆ ಈ ಸಲವಾದರೂ ಒಂದು ತುತ್ತು ಸಿಗಲಿ ಎಂದು ಕಾಯುತ್ತಾರೆ.