ಹುತ್ತಕ್ಕೆ ಸುರಿದ ಮದ್ದು

ಅಣಬೆಯಕ್ಕನನ್ನು ನಾನು ಮೊದಲು ಕಂಡದ್ದು ಆಕೆಯ ಮನೆಯ ಹಿಂದಿನ ಮಬ್ಬುಗತ್ತಲೆಯ ಕೋಣೆಯಲ್ಲಿ. ಬೇಯಿಸಿದ ಹುಲ್ಲು ತುಂಬಿದ ಪ್ಲಾಸ್ಟಿಕ್ ಚೀಲಗಳು ಮರದ ಹಲಗೆಗಳ ಮೇಲೆ ಸಾಲಾಗಿ ಕುಳಿತಿದ್ದವು. ಅವುಗಳ ತೂತುಗಳಿಂದ ಚಿಪ್ಪಣಬೆಗಳು ಕಿವಿಗಳಂತೆ ಹೊರಚಾಚಿದ್ದವು. ಅಣಬೆ ಕೊಳ್ಳಲು ಹೋದ ನನ್ನನ್ನು ಬಾಗಿಲಲ್ಲೇ ತಡೆದಳು.

“ಚಪ್ಪಲಿ ಹೊರಗೆ. ಕೈ ತೊಳ್ಕೊಂಡು ಬನ್ನಿ.”

ನಾನು ನಿವೃತ್ತ ಶಿಕ್ಷಕನೆಂದು ಹೇಳಿಕೊಂಡೆ. “ಹಾಗಾದ್ರೆ ಎರಡು ಸಲ ತೊಳ್ಕೊಳ್ಳಿ ಮೇಷ್ಟ್ರೇ, ಸೀಮೆಸುಣ್ಣ ಅಷ್ಟು ಬೇಗ ಬಿಡಲ್ಲ” ಎಂದು ನಕ್ಕಳು.

ಮನೆಯಲ್ಲಿ ಆಕೆ ಮತ್ತು ಆಕೆಯ ತಾಯಿ ಇಬ್ಬರೇ. ದೊಡ್ಡ ಕಾಯಿಲೆಯಿಂದ ಎದ್ದ ತಾಯಿಗೆ ಬಾಯಿರುಚಿ ಸತ್ತುಹೋಗಿತ್ತು, ದಿನದಿನಕ್ಕೂ ಸೊರಗುತ್ತಿದ್ದರು. ಮಗಳು ಬೆಳೆಯುವ ಅಣಬೆ ಮೈಗೆ ಒಳ್ಳೆಯದು, ಅದನ್ನಾದರೂ ತಿನ್ನಿಸಿ ಎಂದು ವೈದ್ಯರು ಹೇಳಿದ್ದರು. ತಾಯಿ ತಟ್ಟೆ ತಳ್ಳುತ್ತಿದ್ದರು.

“ಹುಲ್ಲು ತಿಂದ ಹಾಗಿದೆ ಕಣೇ. ನಾನೇನು ಹಸುವಾ? ಹಿತ್ತಲ ಹುತ್ತದ್ದು ಏಳ್ಲಿ, ಹೊಟ್ಟೆತುಂಬ ತಿಂತೀನಿ.”

ಹಿತ್ತಲಲ್ಲಿ ಎದೆಯೆತ್ತರದ ಹುತ್ತವಿತ್ತು. ಪ್ರತಿ ವರ್ಷ ಮೊದಲ ಗುಡುಗುಮಳೆ ಬಿದ್ದ ಕೆಲವು ದಿನಗಳಲ್ಲಿ ಅದರ ಸುತ್ತ ಬಿಳಿಯ ಅಣಬೆಗಳು ಏಳುತ್ತಿದ್ದವು. ತಾಯಿ ಕಿಟಕಿಯ ಬಳಿ ಮಲಗಿ ಅದನ್ನೇ ನೋಡುತ್ತಿದ್ದರು.

ಆ ಬೇಸಿಗೆಯಲ್ಲಿ ಗೆದ್ದಲು ಹಲಗೆಯ ಕಾಲುಗಳನ್ನು ಹತ್ತಿ ಚೀಲಗಳಿಗೆ ನುಗ್ಗಿ ಹುಲ್ಲನ್ನೆಲ್ಲ ತಿಂದು ಹಾಕಿತು. ಅರ್ಧ ಬೆಳೆ ಹೋಯಿತು. ತಲೆ ಕೆಟ್ಟ ಅಣಬೆಯಕ್ಕ ಅಂಗಡಿಯಿಂದ ಕೀಟದ ಮದ್ದು ತಂದು, ಎರಡು ಬಕೆಟ್ ನೀರಿಗೆ ಕಲಸಿ, ತಾಯಿ ನಿದ್ದೆಯಲ್ಲಿದ್ದಾಗ ಹುತ್ತಕ್ಕೆ ಸುರಿದಳು.

ಮಳೆ ಬಂತು. ಅಣಬೆ ಏಳಲಿಲ್ಲ. ಒಂದು ಸಂಜೆ ಆಕೆ ನನ್ನ ಮನೆಗೆ ಬಂದಳು.

“ಮೇಷ್ಟ್ರೇ, ಹುಳ ಸತ್ರೆ ಅಣಬೆಗೇನಾಗ್ಬೇಕು? ಅದು ಮಣ್ಣಲ್ಲಿ ತಾನೇ ಏಳೋದು?”

ಗೆದ್ದಲು ಒಣಗಿದ ಎಲೆ, ಕಡ್ಡಿಗಳನ್ನು ಅಗಿದು ಹುತ್ತದೊಳಗೆ ಮೆತ್ತನೆಯ ಹಾಸು ಕಟ್ಟುತ್ತದೆ, ಅದರಲ್ಲಿ ಅಣಬೆ ಬೆಳೆಸಿ ತಿನ್ನುತ್ತದೆ, ನಮಗೆ ಸಿಗುವುದು ಹೊರಗೆ ತಲೆಯೆತ್ತಿದ್ದು ಮಾತ್ರ ಎಂದು ವಿವರಿಸಿದೆ.

“ಅಂದ್ರೆ ನನ್ನ ಕಸುಬಿನವ್ರನ್ನೇ ಕೊಂದ್ನಾ?”

“ಇನ್ನು ಅಲ್ಲಿ ಏನಾದರೂ ಎದ್ದರೆ ತಿನ್ನಬೇಡಿ. ಮಣ್ಣಿನ ವಿಷವನ್ನು ಅಣಬೆ ಹೀರಿಕೊಳ್ಳುತ್ತದೆ” ಎಂದಷ್ಟೇ ಹೇಳಿದೆ.

ಗೆದ್ದಲು ಪೂರ್ತಿ ಸತ್ತಿರಲಿಲ್ಲವೇನೋ, ಹತ್ತು ದಿನಗಳ ಮೇಲೆ ಹುತ್ತದ ಅಂಚಿನಲ್ಲಿ ಐದು ಅಣಬೆಗಳು ಎದ್ದವು. ನಾನು ಆಗ ಅಲ್ಲೇ ಇದ್ದೆ. ತಾಯಿ ತಿಂಗಳುಗಳ ನಂತರ ತಾವಾಗಿ ಎದ್ದು ಕುಳಿತು ಕೂಗಿದರು: “ಎದ್ದಿವೆ ಕಣೇ! ಒಲೆ ಹಚ್ಚು!”

ಮಗಳು ಹೊರಗೆ ಹೋಗಿ ಐದನ್ನೂ ಕಿತ್ತು, ಗುಂಡಿ ತೋಡಿ ಹೂತು, ಮೇಲೆ ಕಲ್ಲಿಟ್ಟು ಬಂದಳು.

“ಹೆತ್ತವಳ ಬಾಯಿಗೆ ಮಣ್ಣು ಹಾಕಿದ್ಯಲ್ಲೇ! ಅಷ್ಟೊಂದು ಹೊಟ್ಟೆಕಿಚ್ಚಾ, ನಿನ್ ಚೀಲದ್ದು ತಿನ್ನಲ್ಲ ಅಂತ?”

“ಇಲ್ಲಮ್ಮ. ಹುತ್ತಕ್ಕೆ ವಿಷ ಹಾಕಿದ್ದೀನಿ. ನಾನೇ ಹಾಕಿದ್ದು.”

ತಾಯಿ ಆಕೆಯನ್ನೇ ನೋಡಿದರು. ಗೋಡೆಯ ಕಡೆ ತಿರುಗಿ ಮಲಗಿದರು. ಎರಡು ದಿನ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲವೆಂದು ಮಗಳು ಆಮೇಲೆ ಹೇಳಿದಳು.

ಇದಾಗಿ ಎರಡು ಮಳೆಗಾಲ ಕಳೆದಿವೆ. ಈಗ ಗೆದ್ದಲು ಹತ್ತದಂತೆ ಹಲಗೆಯ ಕಾಲುಗಳು ನೀರು ತುಂಬಿದ ಬೋಗುಣಿಗಳಲ್ಲಿ ನಿಂತಿವೆ. ಆ ಮನೆಗೆ ಕೀಟದ ಮದ್ದು ಮತ್ತೆ ಬಂದಿಲ್ಲ. ಮಗಳು ಚಿಪ್ಪಣಬೆಯನ್ನು ಒಣಗಿಸಿ, ಪುಡಿ ಮಾಡಿ ಗಂಜಿಗೆ ಬೆರೆಸುತ್ತಾಳೆ. ತಾಯಿ ಅರ್ಧ ಬಟ್ಟಲು ಕುಡಿಯುತ್ತಾರೆ, ಮಾತಿಲ್ಲದೆ. ಗುಡುಗುಮಳೆ ಬಿದ್ದ ಮರುದಿನದಿಂದ ಅಣಬೆಯಕ್ಕ ತಾಯಿಗೆಂದು ಹುತ್ತದ ಅಣಬೆ ಹುಡುಕುತ್ತ ಊರಾಚೆಯ ಹೊಲಗಳ ಬದುಗಳಲ್ಲಿ ನಡೆಯುತ್ತಾಳೆ. ಹುತ್ತ ಕಂಡರೆ ಹೊಲದವರನ್ನು ಹುಡುಕಿ, “ಇದಕ್ಕೇನಾದ್ರೂ ಹಾಕಿದ್ದೀರಾ?” ಎಂದು ಕೇಳುತ್ತಾಳೆ. “ನೆನಪಿಲ್ಲಮ್ಮ” ಎಂದರೆ, ಎದ್ದಿರುವ ಅಣಬೆಗಳನ್ನು ಮುಟ್ಟದೆ ಮುಂದಿನ ಹೊಲಕ್ಕೆ ಹೋಗುತ್ತಾಳೆ.